ಹಳೇ ಹಾಲಿವುಡ್‌ನ ಪೋಷಕ ನಟರು: ಯಾರ ಬೆನ್ನು ಹಿಡಿಯೋದು?

ಹಳೇ ಹಾಲಿವುಡ್ ಸಿನಿಮಾ ನೋಡಲು ಶುರು ಮಾಡಿದವರು ಸಾಮಾನ್ಯವಾಗಿ ಹೀರೋ ಹಿಡಿದು ಹೋಗುತ್ತಾರೆ. ಬೋಗಾರ್ಟ್ ಇಷ್ಟವಾದರೆ ಬೋಗಾರ್ಟ್ ಸಿನಿಮಾ ಒಂದಾದ ಮೇಲೊಂದು. ಕ್ಯಾರಿ ಗ್ರಾಂಟ್ ಇಷ್ಟವಾದರೆ ಅವನವು. ತಪ್ಪೇನಿಲ್ಲ. ಆದರೆ ಹತ್ತು ಹದಿನೈದು ಸಿನಿಮಾ ಆಗುವಷ್ಟರಲ್ಲಿ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಹೀರೋ ಬದಲಾದರೂ ಸುತ್ತಮುತ್ತಲಿನ ಮುಖಗಳು ಅವೇ. ಮೊನ್ನೆ ಡಾಕ್ಟರಾಗಿದ್ದವನು ಇವತ್ತು ಪತ್ರಕರ್ತ. ಹೋದ ವಾರ ಜೈಲು ಕಾಯುತ್ತಿದ್ದ ಮುದುಕ ಈ ವಾರ ಕುದುರೆಗಾಡಿ ಹೊಡೆಯುತ್ತಿದ್ದಾನೆ. ಹೆಸರು ಗೊತ್ತಿಲ್ಲ, ಆದರೆ ಅವರು ಬಂದ ತಕ್ಷಣ ಖುಷಿಯಾಗುತ್ತದೆ.

ಹಾಗಾದರೆ ಹೀರೋ ಬಿಟ್ಟು ಅವರ ಬೆನ್ನು ಹಿಡಿದರೆ ಹೇಗೆ? ಇದು ಹೇಳಿದಷ್ಟು ಕಷ್ಟವಲ್ಲ. 1930, 40ರ ದಶಕದಲ್ಲಿ ವಾರ್ನರ್, ಎಂಜಿಎಂ, ಪ್ಯಾರಾಮೌಂಟ್‌ನಂಥ ದೊಡ್ಡ ಸ್ಟುಡಿಯೋಗಳು ನಟರನ್ನು ವಾರದ ಸಂಬಳಕ್ಕೆ ಇಟ್ಟುಕೊಳ್ಳುತ್ತಿದ್ದವು. ಒಪ್ಪಂದ ಸಾಮಾನ್ಯವಾಗಿ ಏಳು ವರ್ಷದ್ದು. ಸಂಬಳ ಕೊಡುವಾಗ ಯಾರಾದರೂ ಸುಮ್ನೆ ಕೂರಿಸುತ್ತಾರಾ? ಒಂದು ಸಿನಿಮಾ ಮುಗಿಯಿತು ಅನ್ನುವಾಗಲೇ ಇನ್ನೊಂದಕ್ಕೆ ಹಾಕುತ್ತಿದ್ದರು. ಬೇರೆ ಸ್ಟುಡಿಯೋದವರು ಕೇಳಿದರೆ ಎರವಲು ಕೊಟ್ಟು ದುಡ್ಡು ಮಾಡುತ್ತಿದ್ದರು. ಹೀರೋ ವರ್ಷಕ್ಕೆ ಎರಡು ಮೂರು ಸಿನಿಮಾ ಮಾಡಿದರೆ ಪೋಷಕ ನಟರು ಐದಾರು ಮಾಡಿದ್ದುಂಟು. ಹಾಗಾಗಿ ನೋಡೋಕೆ ಬೇಕಾದಷ್ಟು ಸರಕು ಇದೆ. ಯಾರಿಂದ ಶುರು ಮಾಡಬೇಕು ಅನ್ನುವುದೊಂದೇ ತಲೆನೋವು.

ನಾನು ಇಲ್ಲಿ ಮುಖ್ಯವಾಗಿ ಐದು ಜನರನ್ನು ಹೋಲಿಸುತ್ತೇನೆ: ಥಾಮಸ್ ಮಿಚೆಲ್, ಕ್ಲಾಡ್ ರೇನ್ಸ್, ಪೀಟರ್ ಲೋರಿ, ವಾಲ್ಟರ್ ಬ್ರೆನನ್, ಥೆಲ್ಮಾ ರಿಟ್ಟರ್. ಹ್ಯಾಟಿ ಮೆಕ್‌ಡೇನಿಯಲ್ ಬಗ್ಗೆ ಬೇರೆಯಾಗಿ ಹೇಳುತ್ತೇನೆ, ಯಾಕೆಂದರೆ ಆಕೆಯನ್ನು ಇವರ ಸಾಲಿನಲ್ಲಿ ನಿಲ್ಲಿಸಿ ಅಳೆಯುವುದು ನ್ಯಾಯವಲ್ಲ. ವಾರ್ಡ್ ಬಾಂಡ್ ಯಾಕಿಲ್ಲ ಅಂತ ಜಗಳಕ್ಕೆ ಬರುವವರು ಬರಲಿ. ಪಟ್ಟಿ ನನ್ನದು.

ಆಸ್ಕರ್ ನೋಡಿ ಆರಿಸಬೇಡಿ

ಎಲ್ಲರೂ ಮೊದಲು ನೋಡುವುದು ಇದನ್ನೇ. ಪ್ರಶಸ್ತಿ ಬಂದಿದೆ ಅಂದರೆ ಚೆನ್ನಾಗಿರಬೇಕು, ಅಲ್ವಾ? ಪೋಷಕ ನಟರ ವಿಷಯದಲ್ಲಿ ಈ ಲೆಕ್ಕ ಕೈ ಕೊಡುತ್ತದೆ.

ಪೋಷಕ ನಟ, ನಟಿಯರಿಗೆ ಆಸ್ಕರ್ ಕೊಡಲು ಶುರು ಮಾಡಿದ್ದು 1936ರ ಸಿನಿಮಾಗಳಿಂದ. ಮೊದಲ ಪೋಷಕ ನಟ ಪ್ರಶಸ್ತಿ ವಾಲ್ಟರ್ ಬ್ರೆನನ್‌ಗೆ ಹೋಯಿತು. 1938ರ ಸಿನಿಮಾಕ್ಕೆ ಮತ್ತೆ ಅವನಿಗೇ. 1940ರದಕ್ಕೂ ಅವನಿಗೇ. ಐದು ವರ್ಷದಲ್ಲಿ ಮೂರು! ಆ ಕಾಲದಲ್ಲಿ ಗುಂಪಿನಲ್ಲಿ ನಿಲ್ಲುವ ಎಕ್ಸ್‌ಟ್ರಾಗಳಿಗೂ ವೋಟು ಇತ್ತು. ಬ್ರೆನನ್ ತಾನೂ ಎಕ್ಸ್‌ಟ್ರಾ ಆಗಿ ಬಂದವನು, ನಮ್ಮವನು ಅಂತ ಅವರೆಲ್ಲ ಹಾಕಿದರು ಎನ್ನುವ ಮಾತು ಇವತ್ತಿಗೂ ಇದೆ. ಮೊದಲ ಕೆಲವು ವರ್ಷ ಪೋಷಕ ನಟರಿಗೆ ಕೊಡುತ್ತಿದ್ದದ್ದು ಎಲ್ಲರಿಗೂ ಗೊತ್ತಿರುವ ಆ ಬಂಗಾರದ ಗೊಂಬೆಯನ್ನಲ್ಲ, ಒಂದು ಫಲಕ. ಗೊಂಬೆ ಸಿಗಲು 1943ರ ಸಿನಿಮಾಗಳವರೆಗೆ ಕಾಯಬೇಕಾಯಿತು. ಪೋಷಕ ನಟರ ಜಾಗ ಎಲ್ಲಿತ್ತು ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಉಳಿದವರ ಕಥೆ ಕೇಳಿ. ಮಿಚೆಲ್‌ಗೆ ಒಂದು ಬಂತು. ಕ್ಲಾಡ್ ರೇನ್ಸ್ ನಾಲ್ಕು ಸಲ ನಾಮಿನೇಟ್ ಆಗಿ ನಾಲ್ಕು ಸಲವೂ ಬರಿಗೈಲಿ ಮನೆಗೆ ಹೋದ. ಥೆಲ್ಮಾ ರಿಟ್ಟರ್ ಆರು ಸಲ ನಾಮಿನೇಟ್ ಆದಳು, ಒಂದೂ ಬರಲಿಲ್ಲ. ಪೀಟರ್ ಲೋರಿಯ ಹೆಸರು ಪಟ್ಟಿಗೇ ಬರಲಿಲ್ಲ.

ಆಸ್ಕರ್ ಲೆಕ್ಕದಲ್ಲಿ ಆರಿಸಿದರೆ ನೀವು ಬ್ರೆನನ್‌ನ 1938ರ 'ಕೆಂಟಕಿ'ಯಿಂದ ಶುರು ಮಾಡುತ್ತೀರಿ. ಕುದುರೆ ರೇಸು, ಮನೆತನದ ಹಗೆ, ಗೊಣಗುವ ಮುದುಕ. ಅರ್ಧಕ್ಕೇ ಆಕಳಿಕೆ ಬಂದರೆ ನಿಮ್ಮ ತಪ್ಪಲ್ಲ. ಬ್ರೆನನ್‌ನ ಒಳ್ಳೆಯ ಕೆಲಸ ಬೇರೆ ಕಡೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ನೋಡುವುದು ಎರಡೇ ವಿಷಯ. ಒಂದು, ಈ ನಟ ಪ್ರತಿ ಸಿನಿಮಾದಲ್ಲೂ ತಾನೇ ಆಗಿ ಬರುತ್ತಾನಾ, ಇಲ್ಲ ಪಾತ್ರದೊಳಗೆ ಕರಗಿ ಹೋಗುತ್ತಾನಾ? ಎರಡೂ ಒಳ್ಳೆಯದೇ, ಆದರೆ ನಿಮಗೆ ಯಾವುದು ಖುಷಿ ಕೊಡುತ್ತದೆ ಅನ್ನುವುದು ಬೇರೆ. ಇನ್ನೊಂದು, ಸಿಕ್ಕ ಹತ್ತು ನಿಮಿಷದಲ್ಲಿ ಆತ ಏನು ಮಾಡುತ್ತಾನೆ. ಪೋಷಕ ನಟನಿಗೆ ಸಿಗುವುದು ಅಷ್ಟೇ ತಾನೆ.

ಒಂದೇ ವರ್ಷ, ಐದು ಸಿನಿಮಾ: ಥಾಮಸ್ ಮಿಚೆಲ್

ಕರಗಿ ಹೋಗುವವರಲ್ಲಿ ಮಿಚೆಲ್ ಮೊದಲ ಸಾಲಿನವನು. 1892ರಲ್ಲಿ ನ್ಯೂಜೆರ್ಸಿಯ ಎಲಿಜಬೆತ್ ಎಂಬ ಊರಿನಲ್ಲಿ ಹುಟ್ಟಿದ, ಅಪ್ಪ ಅಮ್ಮ ಐರ್ಲೆಂಡಿನಿಂದ ಬಂದವರು. ನಾಟಕಕ್ಕೆ ಬರುವ ಮುಂಚೆ ಪತ್ರಿಕೆಯಲ್ಲಿ ವರದಿಗಾರನಾಗಿದ್ದ. ಇವನನ್ನು ನೋಡುವುದಕ್ಕೆ ಬೇರೆ ಯಾವ ನಟನಿಗೂ ಇಲ್ಲದ ಒಂದು ಅನುಕೂಲ ಇದೆ. ಇಡೀ ನಟನನ್ನು ಒಂದೇ ವರ್ಷದಲ್ಲಿ ನೋಡಿ ಮುಗಿಸಬಹುದು. ಆ ವರ್ಷ 1939.

ಆ ವರ್ಷ ಮಿಚೆಲ್ ಏನೇನು ಆದ ನೋಡಿ. 'ಸ್ಟೇಜ್‌ಕೋಚ್'ನಲ್ಲಿ ಕುಡುಕ ಡಾಕ್ಟರ್. 'ಗಾನ್ ವಿತ್ ದ ವಿಂಡ್'ನಲ್ಲಿ ನಾಯಕಿ ಸ್ಕಾರ್ಲೆಟ್‌ಳ ಅಪ್ಪ. 'ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್'ನಲ್ಲಿ ಪತ್ರಕರ್ತ. 'ಓನ್ಲಿ ಏಂಜಲ್ಸ್ ಹ್ಯಾವ್ ವಿಂಗ್ಸ್'ನಲ್ಲಿ ಕಣ್ಣು ಮಂಜಾಗುತ್ತಿರುವ ಪೈಲಟ್. 'ದ ಹಂಚ್‌ಬ್ಯಾಕ್ ಆಫ್ ನೋಟ್ರ್‌ ಡಾಮ್'ನಲ್ಲಿ ಪ್ಯಾರಿಸ್ಸಿನ ಭಿಕ್ಷುಕರ ರಾಜ. ಐದರಲ್ಲಿ ಮೂರು ಆ ವರ್ಷದ ಅತ್ಯುತ್ತಮ ಚಿತ್ರದ ಪಟ್ಟಿಯಲ್ಲಿದ್ದವು. ಮಿಚೆಲ್‌ಗೆ ಆಸ್ಕರ್ ಬಂದದ್ದು 'ಸ್ಟೇಜ್‌ಕೋಚ್'ಗೆ.

ಅದರಲ್ಲಿ ಒಂದು ಸೀನು ನೋಡಿದರೆ ಸಾಕು. ಗಾಡಿಯಲ್ಲಿ ಪಕ್ಕ ಕೂತಿರುವ ಪಾಪದ ವಿಸ್ಕಿ ವ್ಯಾಪಾರಿಯ ಸ್ಯಾಂಪಲ್ ಬಾಟಲಿಗಳನ್ನು ಡಾಕ್ಟರ್ ಒಂದೊಂದಾಗಿ ಖಾಲಿ ಮಾಡುತ್ತಾ ಬಂದಿದ್ದಾನೆ. ಅಲ್ಲಿಯವರೆಗೆ ನಗು. ದಾರಿಯ ಮಧ್ಯೆ ಒಂದು ತಂಗುದಾಣದಲ್ಲಿ ಬಸುರಿ ಹೆಂಗಸಿಗೆ ನೋವು ಶುರುವಾಗುತ್ತದೆ. ಇರುವ ಡಾಕ್ಟರ್ ಇವನೊಬ್ಬನೇ, ಇವನಿಗೆ ನೆಟ್ಟಗೆ ನಿಲ್ಲಲೂ ಆಗುತ್ತಿಲ್ಲ. ಕೋಟು ಕಳಚುತ್ತಾನೆ. ಕಾಫಿ ಕೇಳುತ್ತಾನೆ. ಇನ್ನೂ ಕಾಫಿ, ಇನ್ನೂ ಕಾಫಿ ಅಂತ ಕುಡಿದು ಹೊಟ್ಟೆಯಲ್ಲಿರುವ ವಿಸ್ಕಿಯನ್ನೆಲ್ಲ ಹೊರಗೆ ಹಾಕುತ್ತಾನೆ. ಸ್ವಲ್ಪ ಹೊತ್ತಿನ ಹಿಂದೆ ತೂರಾಡುತ್ತಿದ್ದವನ ಮುಖದಲ್ಲಿ ಹಳೇ ಡಾಕ್ಟರ್ ಎದ್ದು ಬರುವುದು ಕಾಣಿಸುತ್ತದೆ. ಭಾಷಣವಿಲ್ಲ, ಪಶ್ಚಾತ್ತಾಪದ ಮಾತಿಲ್ಲ. ಕೆಲಸ ಇದೆ, ಮಾಡಬೇಕು, ಅಷ್ಟೆ.

ಇದಾದ ಮೇಲೆ 'ಓನ್ಲಿ ಏಂಜಲ್ಸ್' ನೋಡಿ. ಅದೇ ಮನುಷ್ಯ ಅಂತ ನಂಬುವುದು ಕಷ್ಟ. ಕೊನೆಗೆ ಪೆಟ್ಟಾಗಿ ಮಲಗಿದ ಪೈಲಟ್ ತನ್ನ ಗೆಳೆಯನನ್ನು ಹೊರಗೆ ಹೋಗು ಅನ್ನುತ್ತಾನೆ. ಸಾಯುವುದು ಹೊಸ ಕೆಲಸ, ಸರಿಯಾಗಿ ಮಾಡುತ್ತೇನೋ ಇಲ್ಲವೋ, ಯಾರೂ ನೋಡಬಾರದು ಅನ್ನುವ ಸಂಕೋಚ. ಮಿಚೆಲ್ ಅದನ್ನು ಎಷ್ಟು ಹಗುರವಾಗಿ ಹೇಳುತ್ತಾನೆ ಅಂದರೆ ನಮಗೇ ಅಲ್ಲಿ ಕೂತಿರಲು ಮುಜುಗರವಾಗುತ್ತದೆ.

ಮಿಚೆಲ್‌ನ ಒಂದೇ ತೊಂದರೆ ಎಂದರೆ ಐರಿಷ್ ಕುಡುಕನ ಪಾತ್ರ ಸಿಕ್ಕರೆ ಕೆಲವು ಸಲ ಜಾಸ್ತಿ ಮಾಡುತ್ತಾನೆ. ಸ್ಕಾರ್ಲೆಟ್‌ನ ಅಪ್ಪನಾಗಿ ಮೊದಲ ಅರ್ಧದಲ್ಲಿ ನನಗೆ ಹಾಗೆ ಅನ್ನಿಸುತ್ತದೆ. ಆದರೆ 1946ರ 'ಇಟ್ಸ್ ಎ ವಂಡರ್‌ಫುಲ್ ಲೈಫ್'ನ ಅಂಕಲ್ ಬಿಲ್ಲಿಯನ್ನು ನೋಡಿದರೆ ಎಲ್ಲ ಕ್ಷಮಿಸಿಬಿಡಬಹುದು. ಎಂಟು ಸಾವಿರ ಡಾಲರ್ ಕಳೆದುಕೊಂಡ ಮರೆಗುಳಿ ಚಿಕ್ಕಪ್ಪ. ಮೇಜಿನ ಮೇಲೆ ತಲೆ ಇಟ್ಟು ಅಳುತ್ತಿರುವಾಗ ಸಾಕಿದ ಅಳಿಲು ಬಂದು ತೋಳಿನ ಮೇಲೆ ಹತ್ತುತ್ತದೆ. ಈ ಸಿನಿಮಾಕ್ಕೆ ಬಣ್ಣ ಬಳಿದ ಪ್ರಿಂಟುಗಳೂ ಓಡಾಡುತ್ತಿವೆ. ದಯವಿಟ್ಟು ಕಪ್ಪು ಬಿಳುಪಿನದನ್ನೇ ಹುಡುಕಿ.

ದನಿ ಬೇಕಾ, ಕಣ್ಣು ಬೇಕಾ: ರೇನ್ಸ್ ಮತ್ತು ಲೋರಿ

ಇವರಿಬ್ಬರನ್ನು ಜೊತೆಗೆ ನೋಡುವುದು ಸುಲಭ. ಇಬ್ಬರೂ ವಾರ್ನರ್ ಸ್ಟುಡಿಯೋದಲ್ಲಿ ದುಡಿದವರು, ಇಬ್ಬರೂ ಬೇರೆ ದೇಶದಿಂದ ಬಂದವರು, 1942ರ 'ಕಾಸಾಬ್ಲಾಂಕಾ'ದಲ್ಲಿ ಇಬ್ಬರೂ ಇದ್ದಾರೆ. ಅಲ್ಲಿಂದ ಮುಂದೆ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲ.

ಕ್ಲಾಡ್ ರೇನ್ಸ್ ಲಂಡನ್ನಿನವನು. ಹುಟ್ಟಿದ್ದು 1889ರಲ್ಲಿ. ಚಿಕ್ಕಂದಿನಲ್ಲಿ ಮಾತು ತೊದಲುತ್ತಿತ್ತು. ನಾಟಕ ಕಂಪನಿಯಲ್ಲಿ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದ ಹುಡುಗನಿಗೆ ಮಾತು ಕಲಿಸಿದ್ದು ಆ ಕಂಪನಿ ನಡೆಸುತ್ತಿದ್ದ ನಟ ಹರ್ಬರ್ಟ್ ಬೀರ್‌ಬೋಮ್ ಟ್ರೀ. ಮೊದಲ ಮಹಾಯುದ್ಧದ ವಿಷಾನಿಲದಲ್ಲಿ ಒಂದು ಕಣ್ಣಿನ ದೃಷ್ಟಿ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಆಮೇಲೆ ಲಂಡನ್ನಿನ ನಾಟಕ ಶಾಲೆಯಲ್ಲಿ ಪಾಠ ಮಾಡಿದ. ಮುಂದೆ ದೊಡ್ಡ ನಟರಾದ ಜಾನ್ ಗೀಲ್‌ಗುಡ್, ಚಾರ್ಲ್ಸ್ ಲಾಟನ್ ಇವನ ಶಿಷ್ಯರು. ಹಾಲಿವುಡ್‌ನಲ್ಲಿ ಮೊದಲ ಸಿನಿಮಾ ಸಿಕ್ಕಾಗ ನಲವತ್ತು ದಾಟಿತ್ತು. ಆ ಸಿನಿಮಾ 1933ರ 'ದ ಇನ್ವಿಸಿಬಲ್ ಮ್ಯಾನ್'. ಅದರಲ್ಲಿ ಮುಖ ಕಾಣಿಸುವುದು ಕಟ್ಟ ಕೊನೆಗೆ, ಕ್ಷಣಕಾಲ. ಉಳಿದಂತೆ ಬರೀ ದನಿ. ತೊದಲುತ್ತಿದ್ದ ಹುಡುಗ ಬರೀ ದನಿಯಿಂದ ಹೆಸರು ಮಾಡಿದ.

ಇಂಗ್ಲಿಷ್ ಸಿನಿಮಾದ ಮಾತು ಹಿಡಿಯಲು ಒದ್ದಾಡುವವರಿಗೆ ರೇನ್ಸ್ ದೊಡ್ಡ ಸಮಾಧಾನ. ಒಂದಕ್ಷರವೂ ನುಂಗುವುದಿಲ್ಲ. ಸಬ್‌ಟೈಟಲ್ ಇಲ್ಲದೆಯೂ ನಡೆಯುತ್ತದೆ.

'ಕಾಸಾಬ್ಲಾಂಕಾ'ದ ಪೊಲೀಸ್ ಅಧಿಕಾರಿ ರೆನೋ ಪಾತ್ರ ಎಲ್ಲರಿಗೂ ಗೊತ್ತು. ಇಲ್ಲಿ ಜೂಜಾಡುತ್ತಿದ್ದಾರೆ ಅಂತ ಆಘಾತವಾದವನಂತೆ ಕ್ಲಬ್ ಮುಚ್ಚಿಸುತ್ತಾನೆ, ಅದೇ ಹೊತ್ತಿಗೆ ಗೆದ್ದ ದುಡ್ಡು ಕೈಗೆ ಬರುತ್ತದೆ, ಥ್ಯಾಂಕ್ಸ್ ಅಂದು ಜೇಬಿಗೆ ಹಾಕುತ್ತಾನೆ. ಆದರೆ ನಾನು ಹೇಳುವುದು 1946ರ 'ನಟೋರಿಯಸ್' ನೋಡಿ ಅಂತ. ಹಿಚ್‌ಕಾಕ್ ಸಿನಿಮಾ. ರೇನ್ಸ್ ಇಲ್ಲಿ ಬ್ರೆಜಿಲ್‌ನಲ್ಲಿ ಅಡಗಿಕೊಂಡ ನಾಜಿ. ಕೆಟ್ಟವನು, ಅನುಮಾನವೇ ಇಲ್ಲ. ಆದರೆ ಅವನು ಇಂಗ್ರಿಡ್ ಬರ್ಗ್‌ಮನ್‌ಳನ್ನು ನಿಜಕ್ಕೂ ಪ್ರೀತಿಸಿಬಿಟ್ಟಿದ್ದಾನೆ, ಅವಳು ಅಮೆರಿಕದ ಗೂಢಚಾರಿಣಿ. ಗೊತ್ತಾದ ಮೇಲೆ ಬೆಳ್ಳಂಬೆಳಗ್ಗೆ ಅಮ್ಮನ ಕೋಣೆಗೆ ಬಂದು, ತಪ್ಪು ಮಾಡಿದ ಮಗುವಿನ ಹಾಗೆ ಕೂತು, ನಾನು ಮದುವೆಯಾಗಿರುವುದು ಒಬ್ಬ ಅಮೆರಿಕನ್ ಏಜೆಂಟನ್ನು ಅಂತ ಹೇಳುತ್ತಾನೆ. ಅಮ್ಮ ಹಾಸಿಗೆಯಲ್ಲೇ ಕೂತು ಸಿಗರೇಟು ಹಚ್ಚುತ್ತಾಳೆ. ಆ ಸಿಗರೇಟಿನ ಎದುರು ರೇನ್ಸ್ ಎಷ್ಟು ಚಿಕ್ಕವನಾಗಿ ಕಾಣುತ್ತಾನೆ! ನಿಜವಾಗಿಯೂ ಕುಳ್ಳ. ಬರ್ಗ್‌ಮನ್ ಅವನಿಗಿಂತ ಎತ್ತರ, ಹಾಗಾಗಿ ಕೆಲವು ಶಾಟ್‌ಗಳಲ್ಲಿ ಅವನನ್ನು ಇಳಿಜಾರು ಹಲಗೆಯ ಮೇಲೆ ನಡೆಸಿದ್ದರು.

ಪೀಟರ್ ಲೋರಿ ಇದಕ್ಕೆ ತದ್ವಿರುದ್ಧ. ರೇನ್ಸ್ ಕರಗುತ್ತಾನೆ. ಲೋರಿ ಎಲ್ಲಿ ಬಂದರೂ ಲೋರಿಯೇ. ಆ ಹೊರಗೆ ಬಂದ ದೊಡ್ಡ ಕಣ್ಣು, ಆ ಮೆತ್ತಗಿನ ಎಳೆದೆಳೆದು ಆಡುವ ಮಾತು. ಹುಟ್ಟಿದ್ದು 1904ರಲ್ಲಿ, ಈಗ ಸ್ಲೊವಾಕಿಯಾದಲ್ಲಿರುವ ಊರಿನಲ್ಲಿ, ಯಹೂದಿ ಕುಟುಂಬದಲ್ಲಿ. 1931ರಲ್ಲಿ ಫ್ರಿಟ್ಜ್ ಲಾಂಗ್‌ನ 'ಎಂ' ಎಂಬ ಜರ್ಮನ್ ಸಿನಿಮಾದಲ್ಲಿ ಮಕ್ಕಳ ಕೊಲೆಗಾರನಾಗಿ ಜಗತ್ತಿನ ಕಣ್ಣಿಗೆ ಬಿದ್ದ. 1933ರಲ್ಲಿ ಹಿಟ್ಲರ್ ಬಂದ ಮೇಲೆ ಜರ್ಮನಿ ಬಿಟ್ಟ. ಇಂಗ್ಲೆಂಡಿನಲ್ಲಿ ಹಿಚ್‌ಕಾಕ್ ಸಿನಿಮಾ ಮಾಡುವಾಗ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ, ಡೈಲಾಗನ್ನು ಉಚ್ಚಾರ ಕೇಳಿ ಬಾಯಿಪಾಠ ಮಾಡಿಕೊಂಡು ಹೇಳಿದ. ಅಮೆರಿಕಕ್ಕೆ ಬಂದ ಮೇಲೆ ಅವನನ್ನು ಬಿಟ್ಟೂ ಬಿಡದೆ ವಿಚಿತ್ರ ಮನುಷ್ಯನ ಪಾತ್ರಗಳಿಗೇ ಹಾಕಿದರು. ಜಪಾನಿ ಪತ್ತೇದಾರ ಮಿಸ್ಟರ್ ಮೋಟೋ ಆಗಿ ಎಂಟು ಸಿನಿಮಾ ಮಾಡಿಸಿದರು. ಇವತ್ತು ಅವುಗಳನ್ನು ನೋಡುವುದು ಕಿರಿಕಿರಿ.

ಲೋರಿಯನ್ನು ಅಳೆಯಲು 'ಕಾಸಾಬ್ಲಾಂಕಾ' ಸರಿಯಾದ ಸಿನಿಮಾ ಅಲ್ಲ. ಬಂದ, ಊರು ಬಿಟ್ಟು ಹೋಗಲು ಬೇಕಾದ ಪಾಸುಗಳನ್ನು ಬೋಗಾರ್ಟ್ ಕೈಗೆ ಕೊಟ್ಟ, ಸಿಕ್ಕಿಬಿದ್ದ, ಮುಗಿಯಿತು. 1941ರ 'ದ ಮಾಲ್ಟೀಸ್ ಫಾಲ್ಕನ್' ನೋಡಿ, ಆಮೇಲೆ 1944ರ 'ದ ಮಾಸ್ಕ್ ಆಫ್ ಡಿಮಿಟ್ರಿಯೋಸ್' ನೋಡಿ. ಎರಡನೆಯದರಲ್ಲಿ ಕಥೆಯನ್ನು ಹೊತ್ತುಕೊಂಡು ಹೋಗುವವನು ಅವನೇ, ಮತ್ತು ಅಲ್ಲಿ ಅವನು ಕೆಟ್ಟವನೂ ಅಲ್ಲ, ಹುಚ್ಚನೂ ಅಲ್ಲ. ಒಬ್ಬ ಸಾಮಾನ್ಯ ಬರಹಗಾರ. ಲೋರಿಗೆ ಬೇರೆ ಬಗೆಯ ಪಾತ್ರ ಸಿಕ್ಕಿದ್ದರೆ ಏನು ಮಾಡುತ್ತಿದ್ದ ಅನ್ನುವುದು ಅಲ್ಲಿ ತಿಳಿಯುತ್ತದೆ.

ಇಬ್ಬರಲ್ಲಿ ಯಾರು? ನಟನೆ ಕಲಿಯುತ್ತಿರುವವರು, ನಾಟಕ ಮಾಡುವವರು ರೇನ್ಸ್ ಹಿಡಿಯಲಿ. ರಾತ್ರಿ ಹನ್ನೊಂದರ ಮೇಲೆ ದೀಪ ಆರಿಸಿ ಸಿನಿಮಾ ನೋಡುವವರು ಲೋರಿ ಹಿಡಿಯಲಿ. ರೇನ್ಸ್‌ನ ಕೆಟ್ಟ ಸಿನಿಮಾದಲ್ಲೂ ರೇನ್ಸ್ ಕೆಟ್ಟದಾಗಿರುವುದಿಲ್ಲ, ಲೋರಿ ಬಗ್ಗೆ ಹಾಗೆ ಹೇಳಲಾರೆ. ಬೇಜಾರಾದಾಗ ಅವನು ಸುಮ್ನೆ ಕಣ್ಣು ಬಿಟ್ಟುಕೊಂಡು ನಿಂತಿರುತ್ತಾನೆ.

ಹಲ್ಲು ಇಟ್ಟೋ, ತೆಗೆದೋ: ವಾಲ್ಟರ್ ಬ್ರೆನನ್

ಬ್ರೆನನ್ ಯಾವತ್ತೂ ಮುದುಕ. ಮೊದಲ ಆಸ್ಕರ್ ಪಡೆದ ಸಿನಿಮಾ ಮಾಡುವಾಗ ವಯಸ್ಸು ನಲವತ್ತೆರಡರ ಆಸುಪಾಸು, ಆಗಲೇ ಮುದುಕನ ಪಾತ್ರಗಳು ಅವನವು. ಒಂದು ಅಪಘಾತದಲ್ಲಿ ಹಲ್ಲು ಉದುರಿದ್ದೇ ಲಾಭವಾಯಿತು. ನಿರ್ದೇಶಕ ಹೋವರ್ಡ್ ಹಾಕ್ಸ್‌ನನ್ನು ಮೊದಲ ಸಲ ಕಂಡಾಗ "ಇಟ್ಟೋ, ತೆಗೆದೋ?" ಅಂತ ಕೇಳಿದನಂತೆ. ಏನನ್ನು ಅಂದರೆ ಹಲ್ಲಿನ ಸೆಟ್ಟನ್ನು. ಈ ಕಥೆ ಎಷ್ಟು ನಿಜವೋ, 1948ರ 'ರೆಡ್ ರಿವರ್'ನಲ್ಲಂತೂ ಹಲ್ಲಿನ ಸೆಟ್ಟೇ ಒಂದು ಪಾತ್ರ. ಜೂಜಿನಲ್ಲಿ ಅದನ್ನು ಸೋತು, ಊಟದ ಹೊತ್ತಿಗೆ ಮಾತ್ರ ಗೆದ್ದವನ ಹತ್ತಿರ ಕೇಳಿ ಪಡೆಯಬೇಕು!

ಬ್ರೆನನ್ ಮಾತು ಹಿಡಿಯುವುದು ಕಷ್ಟ. ವಟವಟ ಅನ್ನುತ್ತಾನೆ, ಅರ್ಧ ಮಾತು ಬಾಯೊಳಗೇ ಉಳಿಯುತ್ತದೆ. ಸಬ್‌ಟೈಟಲ್ ಹಾಕಿಕೊಳ್ಳಿ, ನಾಚಿಕೆ ಬೇಡ. ಅವನ ನಿಜವಾದ ಸಿನಿಮಾ 1959ರ 'ರಿಯೋ ಬ್ರಾವೋ'. ಜೈಲಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂತ ಕುಂಟ ಸ್ಟಂಪಿ. ದಿನವಿಡೀ ಗೊಣಗಾಟ. ನನ್ನನ್ನು ಯಾರೂ ಕೇಳೋರಿಲ್ಲ, ಕೆಲಸ ಎಲ್ಲ ನನ್ನದು, ಹೆಸರು ನಿಮ್ಮದು. ಜಾನ್ ವೇನ್ ಕೊನೆಗೆ ಸಾಕಾಗಿ ಅವನ ಬೋಳು ತಲೆಗೆ ಒಂದು ಮುತ್ತು ಕೊಡುತ್ತಾನೆ. ಇದಕ್ಕೆ ಆಸ್ಕರ್ ಬಿಡಿ, ನಾಮಿನೇಷನ್ನೂ ಇಲ್ಲ. 1944ರ 'ಟು ಹ್ಯಾವ್ ಅಂಡ್ ಹ್ಯಾವ್ ನಾಟ್'ಗೂ ಇಲ್ಲ. ಅದರಲ್ಲಿ ಸಿಕ್ಕಸಿಕ್ಕವರನ್ನೆಲ್ಲ, ಸತ್ತ ಜೇನು ನಿಮಗೆ ಯಾವಾಗಲಾದರೂ ಕಚ್ಚಿದೆಯಾ ಅಂತ ಕೇಳುತ್ತಾ ತಿರುಗುವ ಕುಡುಕ ಅವನು.

ಗೊಣಗುವ ಮುದುಕ ಬಿಟ್ಟು ಬೇರೆ ಏನೂ ಬರುವುದಿಲ್ಲವಾ ಅನ್ನುವವರು ಜಾನ್ ಫೋರ್ಡ್‌ನ 1946ರ 'ಮೈ ಡಾರ್ಲಿಂಗ್ ಕ್ಲೆಮಂಟೈನ್' ನೋಡಬೇಕು. ಅಲ್ಲಿ ಅವನು ವಿಲನ್. ದೊಡ್ಡ ಗಂಡುಮಕ್ಕಳನ್ನು ಚಾವಟಿಯಲ್ಲಿ ಹೊಡೆಯುವ ಅಪ್ಪ. ಒಂದೇ ಒಂದು ನಗು ಇಲ್ಲ. ಇನ್ನು ತೆರೆಯ ಆಚೆ ಬ್ರೆನನ್ ಕಡು ಬಲಪಂಥದವನು, ಕರಿಯರ ಹಕ್ಕಿನ ಹೋರಾಟವನ್ನು ಮೂದಲಿಸಿದವನು. ಅದು ಗೊತ್ತಾದ ಮೇಲೆ ಕೆಲವರಿಗೆ ಸ್ಟಂಪಿ ರುಚಿಸುವುದಿಲ್ಲ. ಅದು ಅವರವರಿಗೆ ಬಿಟ್ಟದ್ದು.

ನನ್ನ ಓಟು: ಥೆಲ್ಮಾ ರಿಟ್ಟರ್

ಒಬ್ಬರನ್ನೇ ಆರಿಸಿ ಅಂದರೆ ನಾನು ಯೋಚನೆ ಮಾಡದೆ ಥೆಲ್ಮಾ ರಿಟ್ಟರ್ ಹೆಸರು ಹೇಳುತ್ತೇನೆ. ಆಕೆ ಕರಗುವುದೂ ಇಲ್ಲ, ತನ್ನನ್ನೇ ಮೆರೆಸುವುದೂ ಇಲ್ಲ. ಪ್ರತಿ ಸಿನಿಮಾದಲ್ಲೂ ಅದೇ ನ್ಯೂಯಾರ್ಕಿನ ಬ್ರೂಕ್ಲಿನ್ ಧಾಟಿಯ ಮಾತು, ಅದೇ ದಣಿದ ಹೆಜ್ಜೆ. ಆದರೂ ಪ್ರತಿ ಸಲ ಬೇರೆ ಹೆಂಗಸು.

ಹುಟ್ಟಿದ್ದು 1902ರಲ್ಲಿ, ಬ್ರೂಕ್ಲಿನ್‌ನಲ್ಲೇ. ನಾಟಕ, ರೇಡಿಯೋ, ಮನೆ, ಮಕ್ಕಳು ಅಂತಿದ್ದವಳಿಗೆ ಮೊದಲ ಸಿನಿಮಾ ಸಿಕ್ಕಿದ್ದು 1947ರಲ್ಲಿ, 'ಮಿರಕಲ್ ಆನ್ 34ತ್ ಸ್ಟ್ರೀಟ್'. ಮಗನಿಗೆ ಆಟಿಕೆ ಹುಡುಕಿ ಕಾಲು ಸೋತ ತಾಯಿ. ಸಣ್ಣ ಪಾತ್ರ, ಟೈಟಲ್‌ನಲ್ಲಿ ಹೆಸರೂ ಇಲ್ಲ. ಮೂರೇ ವರ್ಷಕ್ಕೆ 1950ರ 'ಆಲ್ ಅಬೌಟ್ ಈವ್'ಗೆ ನಾಮಿನೇಷನ್. ಅದರಲ್ಲಿ ಬೆಟ್ಟಿ ಡೇವಿಸ್‌ಳ ಉಡುಪು ನೋಡಿಕೊಳ್ಳುವ ಬರ್ಡಿ. ಅಭಿಮಾನಿ ಅಂತ ಹೇಳಿಕೊಂಡು ಬರುವ ಈವ್‌ಳ ಕಣ್ಣೀರಿನ ಕಥೆಗೆ ಎಲ್ಲರೂ ಕರಗುತ್ತಾರೆ, ಬರ್ಡಿಗೆ ಮಾತ್ರ ಮೊದಲ ದಿನದಿಂದಲೇ ಅನುಮಾನ. ಸಿನಿಮಾದ ಅರ್ಧಕ್ಕೆ ಬರ್ಡಿ ಕಾಣೆಯಾಗುತ್ತಾಳೆ. ಯಾಕೆ ಅಂತ ಯಾರೂ ಹೇಳುವುದಿಲ್ಲ. ಆಮೇಲಿನ ಅರ್ಧ ನನಗೆ ಸ್ವಲ್ಪ ತಣ್ಣಗೆ ಅನ್ನಿಸುತ್ತದೆ.

ಎಲ್ಲರಿಗೂ ಗೊತ್ತಿರುವುದು 1954ರ 'ರಿಯರ್ ವಿಂಡೋ'. ಕಾಲು ಮುರಿದು ಕೂತ ಜೇಮ್ಸ್ ಸ್ಟುವರ್ಟ್‌ಗೆ ಮಾಲೀಶು ಮಾಡಲು ಬರುವ ನರ್ಸ್ ಸ್ಟೆಲ್ಲಾ. ಎದುರು ಮನೆಯ ಕೊಲೆಗಾರ ಹೆಣವನ್ನು ಹೇಗೆ ಕತ್ತರಿಸಿರಬಹುದು ಅಂತ ಸ್ಟುವರ್ಟ್ ತಿಂಡಿ ತಿನ್ನುವ ಹೊತ್ತಿಗೆ ಸರಿಯಾಗಿ ವಿವರಿಸುತ್ತಾಳೆ. ಪಕ್ಕದ ಮನೆಯ ಆಂಟಿ ಬಂದು ಕೂತ ಹಾಗೆ ಇರುತ್ತದೆ.

ಆದರೆ ನೋಡಲೇಬೇಕಾದದ್ದು ಸ್ಯಾಮುಯೆಲ್ ಫುಲ್ಲರ್‌ನ 'ಪಿಕಪ್ ಆನ್ ಸೌತ್ ಸ್ಟ್ರೀಟ್', 1953. ರಿಟ್ಟರ್ ಇಲ್ಲಿ ಮೋ. ಬೀದಿಯಲ್ಲಿ ಟೈ ಮಾರುತ್ತಾಳೆ, ಜೊತೆಗೆ ಜೇಬುಗಳ್ಳರ ಹೆಸರನ್ನು ಪೊಲೀಸರಿಗೆ ಮಾರುತ್ತಾಳೆ. ರೇಟು ಚೌಕಾಸಿ ಮಾಡಿಯೇ ಕೊಡುವುದು. ಕಳ್ಳರಿಗೂ ಅವಳ ಮೇಲೆ ಕೋಪವಿಲ್ಲ, ಹೊಟ್ಟೆಪಾಡು ಅಂತ ಗೊತ್ತು. ಆ ದುಡ್ಡೆಲ್ಲ ಕೂಡಿಡುವುದು ಒಂದೇ ಆಸೆಗೆ: ಸತ್ತ ಮೇಲೆ ಒಳ್ಳೇ ಜಾಗದಲ್ಲಿ ಮಣ್ಣಾಗಬೇಕು, ಮೇಲೊಂದು ಕಲ್ಲಿರಬೇಕು. ಅನಾಥ ಹೆಣಗಳ ಗುಂಡಿಗೆ ಬೀಳಬಾರದು.

ಅವಳ ಕೊನೆಯ ಸೀನು ಹೀಗಿದೆ. ರಾತ್ರಿ ದಣಿದು ಕೋಣೆಗೆ ಬರುತ್ತಾಳೆ. ಗ್ರಾಮಫೋನ್ ಹಾಕಿ ಹಾಸಿಗೆ ಮೇಲೆ ಉರುಳುತ್ತಾಳೆ. ಆಗ ಗೊತ್ತಾಗುತ್ತದೆ, ಕೋಣೆಯಲ್ಲಿ ಇನ್ನೊಬ್ಬ ಕಾಯುತ್ತಿದ್ದಾನೆ, ಅವನ ಹತ್ತಿರ ಪಿಸ್ತೂಲಿದೆ. ಅವನಿಗೆ ಬೇಕಾದದ್ದು ಒಂದು ವಿಳಾಸ. ಜೀವನವಿಡೀ ಹೆಸರು, ವಿಳಾಸ ಮಾರಿಯೇ ಬದುಕಿದವಳು, ಈ ಒಂದನ್ನು ಮಾತ್ರ ಮಾರುವುದಿಲ್ಲ ಅನ್ನುತ್ತಾಳೆ. ದನಿ ಏರಿಸುವುದಿಲ್ಲ, ಅಳುವುದಿಲ್ಲ. ಬೆನ್ನು ನೋವು, ತಲೆ ನೋವು, ನಿದ್ದೆ ಇಲ್ಲ, ನನಗೆ ಸಾಕಾಗಿದೆ ಕಣಪ್ಪಾ ಅನ್ನುವ ಹಾಗೆ ಮಾತಾಡುತ್ತಾಳೆ. ಕ್ಯಾಮೆರಾ ಅವಳನ್ನು ಬಿಟ್ಟು ಗ್ರಾಮಫೋನ್ ಕಡೆ ಹೊರಳುತ್ತದೆ. ಹಾಡು ಮುಗಿಯುವಾಗ ಗುಂಡಿನ ಸದ್ದು.

ಇದಕ್ಕೂ ನಾಮಿನೇಷನ್ ಬಂತು, ಪ್ರಶಸ್ತಿ ಬರಲಿಲ್ಲ. ಇಡೀ ಸಿನಿಮಾ ಎಂಬತ್ತೇ ನಿಮಿಷ. ಒಂದೇ ಸಂಜೆ ಇದೆ, ಒಂದೇ ಸಿನಿಮಾ ಹೇಳಿ ಅಂದರೆ ನನ್ನ ಉತ್ತರ ಇದೇ.

ಹ್ಯಾಟಿ ಮೆಕ್‌ಡೇನಿಯಲ್

ಮೇಲಿನ ಐವರಿಗೆ ಪಾತ್ರ ಆರಿಸಿಕೊಳ್ಳುವ ಅವಕಾಶ ಸ್ವಲ್ಪವಾದರೂ ಇತ್ತು. ಮೆಕ್‌ಡೇನಿಯಲ್‌ಗೆ ಇರಲಿಲ್ಲ. ಕಪ್ಪು ಹೆಂಗಸಿಗೆ ಹಾಲಿವುಡ್ ಕೊಡುತ್ತಿದ್ದದ್ದು ಮನೆಗೆಲಸದವಳ ಪಾತ್ರ, ಇಲ್ಲವೇ ಮನೆಗೆಲಸದವಳ ಪಾತ್ರ. 'ಗಾನ್ ವಿತ್ ದ ವಿಂಡ್'ನ ಮನೆಗೆಲಸದ ಮ್ಯಾಮಿಯ ಪಾತ್ರಕ್ಕೆ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ ಈಕೆ. ಅದಕ್ಕೂ ಮುಂಚೆ 1939ರ ಡಿಸೆಂಬರಿನಲ್ಲಿ ಅಟ್ಲಾಂಟಾದಲ್ಲಿ ನಡೆದ ಅದೇ ಸಿನಿಮಾದ ಮೊದಲ ಪ್ರದರ್ಶನಕ್ಕೆ ಈಕೆಗೆ ಪ್ರವೇಶವಿರಲಿಲ್ಲ. ಪ್ರಶಸ್ತಿ ಕೊಟ್ಟ ರಾತ್ರಿಯೂ ಸಿನಿಮಾದವರ ಮೇಜಿನಲ್ಲಿ ಕೂರಿಸಲಿಲ್ಲ, ಗೋಡೆ ಪಕ್ಕದ ಬೇರೆ ಮೇಜು. 1952ರಲ್ಲಿ ತೀರಿಕೊಂಡಾಗ ಆಕೆ ಬಯಸಿದ್ದ ಹಾಲಿವುಡ್ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ. ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದ ಆಸ್ಕರ್ ಫಲಕ ಕಳೆದೇ ಹೋಯಿತು. 2023ರಲ್ಲಿ ಆಸ್ಕರ್ ಕೊಡುವ ಅಕಾಡೆಮಿ ಇನ್ನೊಂದು ಮಾಡಿಸಿ ಕೊಟ್ಟಿತು.

ಹಾಗಾಗಿ ಈಕೆಯ ಸಿನಿಮಾ ನೋಡುವಾಗ ಪಾತ್ರ ನೋಡಬೇಡಿ, ಪಾತ್ರದ ಕೆಳಗೆ ಏನು ನಡೆಯುತ್ತಿದೆ ನೋಡಿ. 1935ರ 'ಆಲಿಸ್ ಆಡಮ್ಸ್'ನ ಊಟದ ಸೀನು ಹುಡುಕಿ. ದೊಡ್ಡವರ ಮನೆಯ ಹಾಗೆ ತೋರಿಸಿಕೊಳ್ಳಲು ಒಂದು ದಿನದ ಮಟ್ಟಿಗೆ ಕರೆಸಿದ ಕೆಲಸದವಳು. ಹೆಚ್ಚು ಮಾತಾಡದೆ, ನಡಿಗೆಯಲ್ಲೇ ಆ ಮನೆಯ ಒಣ ಜಂಬವನ್ನೆಲ್ಲ ಬಯಲು ಮಾಡುತ್ತಾಳೆ. ನಂತರ 1942ರ 'ಇನ್ ದಿಸ್ ಅವರ್ ಲೈಫ್'. ಅಲ್ಲಿ ಮಗನನ್ನು ಸುಳ್ಳು ಕೇಸಿನಲ್ಲಿ ಸಿಕ್ಕಿಸಿದಾಗ ತಾಯಿಯಾಗಿ ಮಾತಾಡುವ ಸೀನು ಇದೆ. ಚಿಕ್ಕದು, ಆದರೆ ಆ ಕಾಲದಲ್ಲಿ ಅಂಥದ್ದು ಅಪರೂಪ.

ಬಣ್ಣದ ಮಾತು ಬಂದಾಗ ನಮ್ಮ ಸಾಬು ನೆನಪಾಗುತ್ತಾನೆ. ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ. 1937ರ 'ಎಲಿಫೆಂಟ್ ಬಾಯ್'ನಲ್ಲಿ ಹೀರೋ. ಹಾಲಿವುಡ್‌ಗೆ ಹೋದ ಮೇಲೆ ಯೂನಿವರ್ಸಲ್ ಸ್ಟುಡಿಯೋ ಅವನನ್ನು ಜಾನ್ ಹಾಲ್, ಮರಿಯಾ ಮಾಂಟೆಜ್ ಜೋಡಿಯ ಪಕ್ಕ ನಿಲ್ಲುವ ಗೆಳೆಯನನ್ನಾಗಿ ಮಾಡಿತು. 1944ರ 'ಕೋಬ್ರಾ ವುಮನ್' ನೋಡಿದರೆ ಸಾಕು. ಉಳಿದವರು ಪೋಷಕ ಪಾತ್ರದಿಂದ ಮೇಲೆ ಬರಲು ನೋಡಿದರೆ, ಸಾಬು ನಾಯಕನಿಂದ ಪೋಷಕ ಪಾತ್ರಕ್ಕೆ ಇಳಿದ. ಇವನ ಕಥೆಗೆ ಬೇರೆಯೇ ಬರಹ ಬೇಕು.

ಟೈಮು ನೋಡಿಕೊಂಡು ಆರಿಸುವವರಿಗೆ

ಆಫೀಸು ಮುಗಿಸಿ ಬಂದು ನೋಡುವವರಿಗೆ 'ದ ಇನ್ವಿಸಿಬಲ್ ಮ್ಯಾನ್' ಒಂದೂಕಾಲು ಗಂಟೆಯೊಳಗೆ ಮುಗಿಯುತ್ತದೆ. 'ಸ್ಟೇಜ್‌ಕೋಚ್', 'ನಟೋರಿಯಸ್', 'ಮಾಲ್ಟೀಸ್ ಫಾಲ್ಕನ್' ಎಲ್ಲ ಒಂದೂವರೆ ಗಂಟೆಯ ಆಸುಪಾಸು. 'ರಿಯೋ ಬ್ರಾವೋ' ಎರಡು ಗಂಟೆ ಇಪ್ಪತ್ತು ನಿಮಿಷ, ಭಾನುವಾರಕ್ಕೆ ಇಟ್ಟುಕೊಳ್ಳಿ. 'ಗಾನ್ ವಿತ್ ದ ವಿಂಡ್' ಹೆಚ್ಚುಕಡಿಮೆ ನಾಲ್ಕು ಗಂಟೆ, ಮಿಚೆಲ್‌ಗೋಸ್ಕರ ಅಷ್ಟು ಹೊತ್ತು ಕೂರಬೇಕಾಗಿಲ್ಲ. ಮಕ್ಕಳು, ಹಿರಿಯರು ಎಲ್ಲ ಜೊತೆಗಿದ್ದರೆ 'ರಿಯರ್ ವಿಂಡೋ'. ಅದು ಬಣ್ಣದ್ದು ಕೂಡ, ಕಪ್ಪು ಬಿಳುಪು ಅಂದರೆ ಮೂಗು ಮುರಿಯುವವರನ್ನೂ ಕೂರಿಸಬಹುದು.

ಯಾರನ್ನೂ ಆರಿಸಲು ಆಗುತ್ತಿಲ್ಲ ಅಂದರೆ 'ಕಾಸಾಬ್ಲಾಂಕಾ' ಹಾಕಿ. ರೇನ್ಸ್, ಲೋರಿ, ಸಿಡ್ನಿ ಗ್ರೀನ್‌ಸ್ಟ್ರೀಟ್, ಹೋಟೆಲಿನ ಮಾಣಿಯಾಗಿ ಕೆನ್ನೆ ಅಲ್ಲಾಡಿಸುವ ಎಸ್. ಜೆಡ್. ಸಕಾಲ್, ನಾಜಿ ಮೇಜರ್ ಆಗಿ ಕಾನ್ರಾಡ್ ವೈಟ್ ಎಲ್ಲ ಒಂದೇ ಕಡೆ ಸಿಗುತ್ತಾರೆ. ಯಾರು ಹೋದ ಮೇಲೂ ಕಣ್ಣು ಅವರನ್ನೇ ಹುಡುಕುತ್ತದೋ ಅವರನ್ನು ಹಿಡಿಯಿರಿ.

ಇನ್ನು ಕೆಲವರಿಗೆ ಒಬ್ಬ ನಟನ ಎಲ್ಲಾ ಸಿನಿಮಾ ಒಂದೂ ಬಿಡದೆ ನೋಡಬೇಕು ಅನ್ನುವ ಹಠ ಇರುತ್ತದೆ. ಅಂಥವರು ಬ್ರೆನನ್ ಹತ್ತಿರ ಹೋಗಬೇಡಿ, ಮುಗಿಯುವುದಿಲ್ಲ. ನಿಮಗೆ ಸರಿಯಾದವನು ಗ್ರೀನ್‌ಸ್ಟ್ರೀಟ್. ದಶಕಗಳ ಕಾಲ ನಾಟಕ ಮಾಡಿ, ಅರವತ್ತೊಂದನೇ ವಯಸ್ಸಿನಲ್ಲಿ 'ಮಾಲ್ಟೀಸ್ ಫಾಲ್ಕನ್'ನಲ್ಲಿ ಮೊದಲ ಸಲ ಕ್ಯಾಮೆರಾ ಮುಂದೆ ಬಂದ. ಆ ಮೊದಲ ಸಿನಿಮಾಕ್ಕೇ ಆಸ್ಕರ್ ನಾಮಿನೇಷನ್. 1949ರಲ್ಲಿ ನಿಲ್ಲಿಸಿಬಿಟ್ಟ. ಎಂಟು ವರ್ಷ, ಸುಮಾರು ಎರಡು ಡಜನ್ ಸಿನಿಮಾ. ಅದರಲ್ಲಿ ಒಂಬತ್ತರಲ್ಲಿ ಪೀಟರ್ ಲೋರಿಯೂ ಇದ್ದಾನೆ, ಹಾಗಾಗಿ ಅವನ ಲೆಕ್ಕದಲ್ಲೂ ಒಂಬತ್ತು ಮುಗಿಯುತ್ತದೆ.